ಮಾರ್ಚ್ 31ರೊಳಗೋ, ಏಪ್ರಿಲ್ 5ರೊಳಗೋ? ಪಿಪಿಎಫ್ ಖಾತೆಗೆ ಹಣ ಕಟ್ಟುವ ಸಮಯದ ಲೆಕ್ಕ

ಕೆಲವು ವರ್ಷಗಳ ಹಿಂದೆ ಏಪ್ರಿಲ್ 3ರಂದು ನನ್ನ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಗೆ ಒಂದೂವರೆ ಲಕ್ಷ ರೂಪಾಯಿಯ ಚೆಕ್ ಕೊಟ್ಟು ಬಂದೆ. ಹಣಕಾಸು ವರ್ಷ ಶುರುವಾದ ಮೂರನೇ ದಿನಕ್ಕೇ ಇಡೀ ವರ್ಷದ ಹಣ ಕಟ್ಟಿ ಮುಗಿಸಿದ ನೆಮ್ಮದಿ ನನ್ನದು. ಮುಂದೆ ಪಾಸ್‌ಬುಕ್ ಬರೆಸಿದಾಗ ನೋಡಿದರೆ ಜಮೆಯಾದ ದಿನಾಂಕ ಏಪ್ರಿಲ್ 7. ಚೆಕ್ ಬೇರೆ ಬ್ಯಾಂಕಿನದು, ನಡುವೆ ರಜೆ ಬಂದಿತ್ತು, ಹಣ ಬಂದು ಸೇರುವಷ್ಟರಲ್ಲಿ ಐದನೇ ತಾರೀಖು ದಾಟಿತ್ತು. ಐದರೊಳಗೆ ಸೇರಿದ ಹಣಕ್ಕೆ ಮಾತ್ರ ಆ ತಿಂಗಳ ಬಡ್ಡಿ ಎಂಬುದು ಪಿಪಿಎಫ್ ನಿಯಮ. ಎರಡು ದಿನ ತಡವಾದದ್ದಕ್ಕೆ ಹೋದದ್ದು ಪೂರ್ತಿ ಒಂದು ತಿಂಗಳ ಬಡ್ಡಿ: 887 ರೂಪಾಯಿ 50 ಪೈಸೆ. ಮೊತ್ತ ದೊಡ್ಡದಲ್ಲ. ನಿಯಮ ಗೊತ್ತಿದ್ದೂ ಕಳೆದುಕೊಂಡೆನಲ್ಲ ಎಂಬ ಬೇಸರ ಮಾತ್ರ ಬಹಳ ದಿನ ಉಳಿಯಿತು.

ಅಂದಿನಿಂದ ಮಾರ್ಚ್ ಬಂತೆಂದರೆ ನಮ್ಮ ಬಂಧುಬಳಗದಲ್ಲಿ ಈ ವಿಷಯದ ಪ್ರಶ್ನೆಗಳೆಲ್ಲ ನನ್ನ ಹತ್ತಿರವೇ ಬರುತ್ತವೆ. ‘ಈಗಲೇ ಕಟ್ಟಿಬಿಡಲೇ, ಇಲ್ಲ ಏಪ್ರಿಲ್ ಒಂದಕ್ಕೆ ಕಟ್ಟಲೇ?’ ‘ತಿಂಗಳು ತಿಂಗಳು ಕಟ್ಟುತ್ತಿದ್ದೇನೆ, ಒಟ್ಟಿಗೆ ಕಟ್ಟಿದರೆ ಹೆಚ್ಚು ಸಿಗುತ್ತದಂತೆ, ಹೌದೇ?’ ಯುಗಾದಿಯ ಪಂಚಾಂಗ ಶ್ರವಣದಲ್ಲಿ ನಮ್ಮ ರಾಶಿಯ ಆಯ ಎಷ್ಟು, ವ್ಯಯ ಎಷ್ಟು ಎಂದು ಕಿವಿಗೊಟ್ಟು ಕೇಳುತ್ತೇವೆ. ಅದೇ ದಿನಗಳಲ್ಲಿ ಈ ಲೆಕ್ಕಕ್ಕೂ ಅರ್ಧ ಗಂಟೆ ಕೊಡುವುದು ಒಳ್ಳೆಯದು.

ಮೊದಲಿಗೆ ಒಂದು ಮಾತು. ಮಾರ್ಚ್ 31 ಮತ್ತು ಏಪ್ರಿಲ್ 5, ಇವೆರಡನ್ನು ಒಂದಕ್ಕೊಂದು ಎದುರಾಳಿ ಎಂಬಂತೆ ಹೆಚ್ಚಿನವರು ನೋಡುತ್ತಾರೆ. ಅವು ಎದುರಾಳಿಗಳಲ್ಲ. ಮಾರ್ಚ್ 31 ಹಳೆಯ ಹಣಕಾಸು ವರ್ಷದ ಮಿತಿ, ಅಂದರೆ ಆ ವರ್ಷ ಕಟ್ಟಬಹುದಾದ ಗರಿಷ್ಠ ಮೊತ್ತದ ಅವಕಾಶ, ಮುಗಿಯುವ ದಿನ. ಏಪ್ರಿಲ್ 5 ಹೊಸ ವರ್ಷದ ಮೊದಲ ತಿಂಗಳ ಬಡ್ಡಿ ಸಿಗುವ ಕೊನೆಯ ದಿನ. ಒಂದು ಮಿತಿಯ ಪ್ರಶ್ನೆ, ಇನ್ನೊಂದು ಬಡ್ಡಿಯ ಪ್ರಶ್ನೆ. ಇವೆರಡನ್ನು ಬೇರ್ಪಡಿಸಿ ನೋಡಿದರೆ ಗೊಂದಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಐದನೇ ತಾರೀಖಿನ ನಿಯಮ

ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್, 1968ರಲ್ಲಿ ಆರಂಭವಾದ ಯೋಜನೆ. ಆಗಿನ ಬಡ್ಡಿ ಶೇ 4.8. 1986ರಿಂದ 2000ದ ಜನವರಿಯವರೆಗೆ ಶೇ 12 ಇತ್ತು. ಆ ಕಾಲದ ಪಾಸ್‌ಬುಕ್ಕುಗಳನ್ನು ಈಗ ತೆರೆದು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. 2020ರ ಏಪ್ರಿಲ್‌ನಲ್ಲಿ ದರ ಶೇ 7.1ಕ್ಕೆ ಇಳಿಯಿತು, ಇಲ್ಲಿನ ಲೆಕ್ಕಗಳನ್ನೆಲ್ಲ ಅದೇ ದರದಲ್ಲಿ ಮಾಡಿದ್ದೇನೆ. ಹಣಕಾಸು ಸಚಿವಾಲಯ ಮೂರು ತಿಂಗಳಿಗೊಮ್ಮೆ ದರ ಪ್ರಕಟಿಸುತ್ತದೆ, ಆದ್ದರಿಂದ ಕಟ್ಟುವ ಮೊದಲು ಆ ತ್ರೈಮಾಸಿಕದ ದರವನ್ನು ಒಮ್ಮೆ ನೋಡಿಕೊಳ್ಳಿ. ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಲೇಬೇಕು, ಗರಿಷ್ಠ ಮಿತಿ ಒಂದೂವರೆ ಲಕ್ಷ. ಬಡ್ಡಿಗೆ ತೆರಿಗೆಯಿಲ್ಲ, ಅವಧಿ ಮುಗಿದಾಗ ಕೈಗೆ ಬರುವ ಮೊತ್ತಕ್ಕೂ ಇಲ್ಲ.

ಬಡ್ಡಿ ಲೆಕ್ಕ ಹಾಕುವುದು ಹೀಗೆ: ಪ್ರತಿ ತಿಂಗಳ ಐದನೇ ತಾರೀಖು ವ್ಯವಹಾರ ಮುಗಿದ ಹೊತ್ತಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಆ ತಿಂಗಳ ಬಡ್ಡಿ. ಹೀಗೆ ಹನ್ನೆರಡು ತಿಂಗಳು ಎಣಿಸಿದ ಬಡ್ಡಿಯನ್ನು ಮಾರ್ಚ್ 31ರಂದು ಒಟ್ಟಿಗೆ ಖಾತೆಗೆ ಸೇರಿಸುತ್ತಾರೆ. ಆರನೇ ತಾರೀಖು ಬಂದ ಹಣವೂ ಮೂವತ್ತನೇ ತಾರೀಖು ಬಂದ ಹಣವೂ ಈ ಲೆಕ್ಕದಲ್ಲಿ ಒಂದೇ. ಎರಡಕ್ಕೂ ಬಡ್ಡಿ ಶುರುವಾಗುವುದು ಮುಂದಿನ ತಿಂಗಳಿನಿಂದ.

ಒಂದೂವರೆ ಲಕ್ಷ, ಐದು ದಾರಿ

ಒಂದೇ ಮೊತ್ತವನ್ನು ಬೇರೆ ಬೇರೆ ಹೊತ್ತಿನಲ್ಲಿ ಕಟ್ಟಿದರೆ ಆ ವರ್ಷದ ಬಡ್ಡಿ ಹೇಗೆ ಬದಲಾಗುತ್ತದೆಂದು ನೋಡಿ.

ಏಪ್ರಿಲ್ 5ರೊಳಗೆ ಇಡುಗಂಟಾಗಿ ಕಟ್ಟಿದರೆ: 10,650 ರೂಪಾಯಿ.
ಏಪ್ರಿಲ್ 6ರಂದು ಇಡುಗಂಟಾಗಿ ಕಟ್ಟಿದರೆ: 9,762 ರೂಪಾಯಿ 50 ಪೈಸೆ.
ಪ್ರತಿ ತಿಂಗಳು 5ರೊಳಗೆ 12,500ರಂತೆ ಕಟ್ಟಿದರೆ: 5,768 ರೂಪಾಯಿ 75 ಪೈಸೆ.
ಪ್ರತಿ ತಿಂಗಳು 5 ದಾಟಿದ ಮೇಲೆ 12,500ರಂತೆ ಕಟ್ಟಿದರೆ: 4,881 ರೂಪಾಯಿ 25 ಪೈಸೆ.
ವರ್ಷದ ಕೊನೆಗೆ, ಮಾರ್ಚ್ 31ರಂದು ಕಟ್ಟಿದರೆ: ಸೊನ್ನೆ.

ಒಂದು ವರ್ಷದ ಮಟ್ಟಿಗೆ ಇದು ಕೆಲವು ಸಾವಿರಗಳ ವ್ಯತ್ಯಾಸ. ಆದರೆ ಪಿಪಿಎಫ್ ಹದಿನೈದು ವರ್ಷಗಳ ಖಾತೆ, ಬಡ್ಡಿಗೆ ಬಡ್ಡಿ ಕೂಡುತ್ತಾ ಹೋಗುತ್ತದೆ. ದರ ಶೇ 7.1ರಲ್ಲೇ ನಿಂತಿತೆಂದು ಇಟ್ಟುಕೊಳ್ಳಿ. ಹದಿನೈದು ವರ್ಷವೂ ಏಪ್ರಿಲ್ 5ರೊಳಗೆ ಕಟ್ಟಿದವರ ಕೈಗೆ ಬರುವುದು ಸುಮಾರು 40 ಲಕ್ಷ 68 ಸಾವಿರ. ತಿಂಗಳು ತಿಂಗಳು ಐದರೊಳಗೆ ಕಟ್ಟಿದವರಿಗೆ ಸುಮಾರು 39 ಲಕ್ಷ 45 ಸಾವಿರ. ಪ್ರತಿ ವರ್ಷವೂ ಮಾರ್ಚ್ 31ರವರೆಗೆ ಕಾದು ಕಟ್ಟಿದವರಿಗೆ ಸುಮಾರು 37 ಲಕ್ಷ 98 ಸಾವಿರ. ಮೂವರೂ ಕಟ್ಟಿದ್ದು ಇಪ್ಪತ್ತೆರಡೂವರೆ ಲಕ್ಷವೇ. ಮೊದಲನೆಯವರಿಗೂ ಕೊನೆಯವರಿಗೂ ನಡುವಿನ ಅಂತರ ಎರಡು ಲಕ್ಷ 70 ಸಾವಿರದ ಹತ್ತಿರ.

ಈ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ನಾಲ್ಕನೆಯ ಸಾಲು. ತಿಂಗಳ ಕಂತು ಕಟ್ಟುವವರು ಶಿಸ್ತಿನ ಜನ. ಸಂಬಳ ಬಂದ ಕೂಡಲೇ ಹಣ ತೆಗೆದಿಡುತ್ತಾರೆ. ಆದರೆ ಕಂತು ತಿಂಗಳು ತಿಂಗಳು ತಾನಾಗಿ ಹೋಗಲೆಂದು ಬ್ಯಾಂಕಿಗೆ ಕೊಟ್ಟ ಸ್ಥಾಯಿ ಸೂಚನೆಯಲ್ಲಿ ಹತ್ತನೇ ತಾರೀಖು ಎಂದು ಬರೆದುಬಿಟ್ಟಿರುತ್ತಾರೆ. ಅದೇ ಕಂತು, ಅದೇ ಶಿಸ್ತು. ತಾರೀಖು ಒಂದೇ ತಪ್ಪಿದ್ದಕ್ಕೆ ಹದಿನೈದು ವರ್ಷಗಳಲ್ಲಿ 22 ಸಾವಿರ ರೂಪಾಯಿಗೂ ಹೆಚ್ಚು ಹೋಗುತ್ತದೆ. ಸಂಬಳ ಏಳನೇ ತಾರೀಖು ಬರುವ ಸಂಸ್ಥೆಗಳಲ್ಲಿ ಕೆಲಸ ಮಾಡುವವರು ಈ ತಿಂಗಳ ಸಂಬಳದಿಂದ ತೆಗೆದ ಹಣವನ್ನು ಉಳಿತಾಯ ಖಾತೆಯಲ್ಲೇ ಇಟ್ಟುಕೊಂಡು ಮುಂದಿನ ತಿಂಗಳ 1 ಅಥವಾ 2ನೇ ತಾರೀಖು ಹೋಗುವಂತೆ ಸೂಚನೆ ಬದಲಾಯಿಸಲಿ. ಬಡ್ಡಿಯ ಮಟ್ಟಿಗೆ ಅವರಿಗೆ ಏನೂ ನಷ್ಟವಿಲ್ಲ: ಏಳಕ್ಕೆ ಹೋದರೂ ಮುಂದಿನ ತಿಂಗಳು ಒಂದಕ್ಕೆ ಹೋದರೂ ಪಿಪಿಎಫ್ ಬಡ್ಡಿ ಶುರುವಾಗುವುದು ಒಂದೇ ತಿಂಗಳಿನಿಂದ. ನಡುವಿನ ಮೂರು ವಾರ ಹಣ ಕೈಯಳತೆಯಲ್ಲಿ ಇರುತ್ತದೆ, ಅಷ್ಟೇ. ಮಾರ್ಚ್ ತಿಂಗಳ ಕಂತಿಗೆ ಮಾತ್ರ ಈ ಕ್ರಮ ಬೇಡ. ಅದು ಏಪ್ರಿಲ್‌ಗೆ ಜಾರಿದರೆ ಹೊಸ ವರ್ಷದ ಲೆಕ್ಕಕ್ಕೆ ಹೋಗುತ್ತದೆ.

ಹಳೆಯ ವರ್ಷವೋ, ಹೊಸ ವರ್ಷವೋ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮಾರ್ಚ್ 28. ಕೈಯಲ್ಲಿ ಒಂದೂವರೆ ಲಕ್ಷ ಇದೆ. ಈ ವರ್ಷ ಇನ್ನೂ ಏನೂ ಕಟ್ಟಿಲ್ಲ. ‘ಮಾರ್ಚ್‌ನಲ್ಲಿ ಕಟ್ಟಿದರೆ ಬಡ್ಡಿ ಸೊನ್ನೆ, ಏಪ್ರಿಲ್‌ನಲ್ಲಿ ಕಟ್ಟಿದರೆ ಪೂರ್ತಿ ಬಡ್ಡಿ, ಆದ್ದರಿಂದ ಏಪ್ರಿಲ್‌ವರೆಗೆ ಕಾಯುತ್ತೇನೆ’ ಎನ್ನುವವರು ಬಹಳ ಜನ. ಈ ತರ್ಕ ತಪ್ಪು. ಮಾರ್ಚ್ 28ರಂದು ಕಟ್ಟಿದ ಹಣ ಏಪ್ರಿಲ್ 5ರಂದು ಎಲ್ಲಿರುತ್ತದೆ? ಖಾತೆಯಲ್ಲೇ ಇರುತ್ತದೆ. ಏಪ್ರಿಲ್ ತಿಂಗಳಿನಿಂದ ಅದಕ್ಕೂ ಪೂರ್ತಿ ಬಡ್ಡಿ. ಸೊನ್ನೆ ಎಂಬುದು ಮುಗಿದುಹೋಗುತ್ತಿರುವ ಮಾರ್ಚ್‌ನ ಬಡ್ಡಿಗೆ ಮಾತ್ರ. ಏಪ್ರಿಲ್ 2ರವರೆಗೆ ಕಾದರೂ ಆ ಮಾರ್ಚ್‌ನ ಬಡ್ಡಿ ಹೇಗೂ ಸಿಗುವುದಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ? ಮಿತಿಯಲ್ಲಿ. ಒಂದು ವರ್ಷ ಬಳಸದೆ ಬಿಟ್ಟ ಮಿತಿ ಮುಂದಿನ ವರ್ಷಕ್ಕೆ ಸೇರುವುದಿಲ್ಲ. ಮಾರ್ಚ್ 28ರಂದು ಕಟ್ಟಿದರೆ ಹಳೆಯ ವರ್ಷದ ಮಿತಿ ಬಳಕೆಯಾಗುತ್ತದೆ, ಹೊಸ ವರ್ಷದ ಒಂದೂವರೆ ಲಕ್ಷದ ಮಿತಿ ಮುಟ್ಟದೆ ಉಳಿಯುತ್ತದೆ. ಏಪ್ರಿಲ್ 2ರಂದು ಕಟ್ಟಿದರೆ ಹೊಸ ವರ್ಷದ ಮಿತಿ ಅಲ್ಲಿಗೇ ಮುಗಿಯಿತು, ಹಳೆಯದು ವ್ಯರ್ಥವಾಯಿತು. ಕೈಯಲ್ಲಿ ಮೂರು ಲಕ್ಷ ಇದ್ದವರಿಗೆ ಇದು ಇನ್ನೂ ಸ್ಪಷ್ಟ: ಅರ್ಧ ಮಾರ್ಚ್ ಕೊನೆಗೆ, ಅರ್ಧ ಏಪ್ರಿಲ್ ಮೊದಲ ವಾರ. ಒಂದೇ ವಾರದಲ್ಲಿ ಮೂರು ಲಕ್ಷ ಖಾತೆ ಸೇರುತ್ತದೆ, ಮುಂದಿನ ಹನ್ನೆರಡು ತಿಂಗಳಲ್ಲಿ 21,300 ರೂಪಾಯಿ ಬಡ್ಡಿ ಬರುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಹಳೆಯ ವರ್ಷದ ಮಿತಿ ಖಾಲಿಯಿದ್ದು ಹಣ ಕೈಯಲ್ಲಿದ್ದರೆ ಮಾರ್ಚ್ 31ರೊಳಗೆ ಕಟ್ಟಿ. ಹಳೆಯ ವರ್ಷದ ಮಿತಿ ಮುಗಿದಿದ್ದರೆ ಮಾತ್ರ ಏಪ್ರಿಲ್‌ಗೆ ಕಾಯಿರಿ.

ಇದಕ್ಕೆ ಒಂದೇ ಒಂದು ಅಪವಾದ ನನಗೆ ಕಾಣುತ್ತದೆ. ನೀವು ಉಳಿತಾಯಕ್ಕೆ ವಿನಾಯಿತಿ ಸಿಗುವ ಹಳೆಯ ತೆರಿಗೆ ಪದ್ಧತಿಯಲ್ಲಿದ್ದೀರಿ. ಈ ವರ್ಷದ 80ಸಿ ವಿನಾಯಿತಿ (ಆದಾಯ ತೆರಿಗೆ ಕಾಯ್ದೆಯಲ್ಲಿ ಉಳಿತಾಯಕ್ಕೆ ಸಿಗುವ ವಿನಾಯಿತಿ) ಸಂಬಳದಿಂದ ಕಡಿತವಾಗುವ ಭವಿಷ್ಯ ನಿಧಿ, ಜೀವ ವಿಮೆಯ ಕಂತು, ಮಕ್ಕಳ ಶಾಲಾ ಶುಲ್ಕ ಎಂದು ಈಗಾಗಲೇ ತುಂಬಿದೆ. ಮುಂದಿನ ವರ್ಷ ಕೆಲಸದಿಂದ ನಿವೃತ್ತಿ, ಭವಿಷ್ಯ ನಿಧಿಯ ಕಡಿತ ಇರುವುದಿಲ್ಲ, ಆದರೆ ತೆರಿಗೆಗೆ ಒಳಪಡುವ ಆದಾಯ ಇರುತ್ತದೆ. ಇರುವುದೂ ಇದೊಂದೇ ಇಡುಗಂಟು. ಆಗ ಏಪ್ರಿಲ್ 5ರೊಳಗೆ ಕಟ್ಟಿ, ವಿನಾಯಿತಿಯನ್ನು ಮುಂದಿನ ವರ್ಷ ಪಡೆಯುವುದು ಜಾಣತನ. ಬಡ್ಡಿ ಎರಡರಲ್ಲೂ ಒಂದೇ, ತೆರಿಗೆಯಲ್ಲಿ ಲಾಭ.

ಇನ್ನು ವರ್ಷವಿಡೀ ಹಣವೇ ಕೂಡಿಬರದಿದ್ದವರು ಕನಿಷ್ಠ 500 ರೂಪಾಯಿಯನ್ನಾದರೂ ಮಾರ್ಚ್ 31ರೊಳಗೆ ಕಟ್ಟಲಿ. ಇಲ್ಲವಾದರೆ ಖಾತೆ ಸ್ಥಗಿತಗೊಳ್ಳುತ್ತದೆ, ಸಾಲ ಮತ್ತು ಭಾಗಶಃ ಹಿಂಪಡೆಯುವ ಸೌಲಭ್ಯ ನಿಲ್ಲುತ್ತದೆ. ಬಾಕಿಯಾದ ಪ್ರತಿ ವರ್ಷಕ್ಕೆ 500 ರೂಪಾಯಿ ಮತ್ತು 50 ರೂಪಾಯಿ ದಂಡ ಕಟ್ಟಿ ಅದನ್ನು ಮತ್ತೆ ಚಾಲೂ ಮಾಡಿಸಬೇಕಾಗುತ್ತದೆ.

ಹೊಸದಾಗಿ ಖಾತೆ ತೆರೆಯುವವರಿಗೆ ಮಾರ್ಚ್ ಬಹಳ ಮುಖ್ಯ

ಇದನ್ನು ಹೇಳುವವರು ಕಡಿಮೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿಪಿಎಫ್‌ನ ಹದಿನೈದು ವರ್ಷಗಳನ್ನು ಖಾತೆ ತೆರೆದ ದಿನದಿಂದ ಎಣಿಸುವುದಿಲ್ಲ. ಖಾತೆ ತೆರೆದ ಹಣಕಾಸು ವರ್ಷ ಮುಗಿದ ದಿನದಿಂದ ಎಣಿಸುತ್ತಾರೆ. 2026ರ ಮಾರ್ಚ್ 30ರಂದು ತೆರೆದ ಖಾತೆಗೆ ಎಣಿಕೆ 2026ರ ಮಾರ್ಚ್ 31ರಿಂದ, ಅವಧಿ ಮುಗಿಯುವುದು 2041ರ ಮಾರ್ಚ್ 31ಕ್ಕೆ. ಮೂರೇ ದಿನ ಕಳೆದು ಏಪ್ರಿಲ್ 2ರಂದು ತೆರೆದ ಖಾತೆಗೆ ಎಣಿಕೆ 2027ರ ಮಾರ್ಚ್ 31ರಿಂದ, ಅವಧಿ ಮುಗಿಯುವುದು 2042ರಲ್ಲಿ. ಮೂರು ದಿನದ ಅಂತರಕ್ಕೆ ಒಂದು ವರ್ಷ ಹೆಚ್ಚು ಕಾಯಬೇಕು. ಭಾಗಶಃ ಹಿಂಪಡೆಯುವ ಅವಕಾಶವೂ ಇದೇ ಎಣಿಕೆಯ ಮೇಲೆ ನಿಂತಿದೆ: ಖಾತೆ ತೆರೆದ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ. ಮಾರ್ಚ್‌ನವರಿಗೆ ಅದು 2031ರ ಏಪ್ರಿಲ್, ಏಪ್ರಿಲ್‌ನವರಿಗೆ 2032ರ ಏಪ್ರಿಲ್.

ಆದ್ದರಿಂದ ಹೊಸ ಖಾತೆಯ ಯೋಚನೆಯಿದ್ದರೆ ಮಾರ್ಚ್‌ನಲ್ಲಿ 500 ರೂಪಾಯಿ ಕೊಟ್ಟಾದರೂ ತೆರೆದುಬಿಡಿ. ದೊಡ್ಡ ಮೊತ್ತವನ್ನು ಏಪ್ರಿಲ್ ಮೊದಲ ವಾರ ಕಟ್ಟಿದರಾಯಿತು. ಆದರೆ ಕೊನೆಯ ದಿನದವರೆಗೆ ಬಿಡಬೇಡಿ. ಪ್ಯಾನ್, ಆಧಾರ್ ದಾಖಲೆ ಕೊಡಬೇಕು, ಸಹಿ ಹೊಂದಬೇಕು, ಶಾಖೆಯಲ್ಲಿ ವರ್ಷಾಂತ್ಯದ ಜನಸಂದಣಿ ಇರುತ್ತದೆ. ತಿಂಗಳ ಮಧ್ಯಕ್ಕೇ ಈ ಕೆಲಸ ಮುಗಿಸಿಕೊಳ್ಳುವುದು ಕ್ಷೇಮ.

ಇಡುಗಂಟು ಯಾರಿಗೆ, ಕಂತು ಯಾರಿಗೆ

ಏಪ್ರಿಲ್ 5ರ ಇಡುಗಂಟು ಲೆಕ್ಕದಲ್ಲಿ ಗೆಲ್ಲುತ್ತದೆ, ಸರಿ. ಆದರೆ ಆ ಒಂದೂವರೆ ಲಕ್ಷ ಎಲ್ಲಿಂದ ಬರುತ್ತದೆ ಎಂಬುದೇ ಪ್ರಶ್ನೆ.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ, ಕೊಡಗು ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಇದು ತಾನಾಗಿಯೇ ಹೊಂದುತ್ತದೆ. ಕೊಯ್ಲು, ಸಂಸ್ಕರಣೆ, ಮಾರಾಟ ಮುಗಿದು ವರ್ಷದ ಹಣ ಒಟ್ಟಿಗೆ ಕೈಸೇರುವುದು ಬೇಸಿಗೆಯ ಹೊತ್ತಿಗೆ. ಆ ಹಣ ಮಳೆಗಾಲದವರೆಗೆ ಉಳಿತಾಯ ಖಾತೆಯಲ್ಲಿ ಮಲಗಿರುವ ಬದಲು ಮಾರ್ಚ್ ಏಪ್ರಿಲ್‌ನಲ್ಲೇ ಪಿಪಿಎಫ್ ಸೇರಲಿ. ದೊಡ್ಡ ಬ್ಯಾಂಕುಗಳ ಉಳಿತಾಯ ಖಾತೆಯ ಬಡ್ಡಿ ಈಗ ಶೇ 2.5ರ ಆಸುಪಾಸಿನಲ್ಲಿದೆ ಎಂಬುದನ್ನು ಮರೆಯಬಾರದು. ತೋಟದ ಗೊಬ್ಬರಕ್ಕೆ, ಔಷಧಿ ಸಿಂಪಡಣೆಗೆ, ಆಳುಗಳ ಕೂಲಿಗೆ ಬೇಕಾದಷ್ಟನ್ನು ಮೊದಲು ತೆಗೆದಿಟ್ಟು, ಮಿಕ್ಕಿದ್ದನ್ನು ಮಾತ್ರ ಕಟ್ಟಬೇಕು. ಒಂದು ಸಲ ಒಳಗೆ ಹೋದ ಹಣವನ್ನು ಬೇಕೆಂದಾಗ ತೆಗೆಯಲಾಗದು.

ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಬೋನಸ್ ಪಡೆಯುವ ನೌಕರರಿಗೂ, ಅದೇ ಹೊತ್ತಿಗೆ ಎಫ್‌ಡಿ ಮುಗಿಯುವವರಿಗೂ ಇಡುಗಂಟು ಸುಲಭ. ಇದಕ್ಕೆಂದೇ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಬ್ಯಾಂಕಿನಲ್ಲಿ ತಿಂಗಳ ಕಂತಿನ ಆರ್‌ಡಿ ಮಾಡಿಸಿ, ಅದು ಮಾರ್ಚ್ ಕೊನೆಯ ವಾರ ಮುಗಿಯುವಂತೆ ನೋಡಿಕೊಳ್ಳುತ್ತೇನೆ. ಒಂದು ವರ್ಷ ಮಾತ್ರ ಕಷ್ಟ: ಆ ವರ್ಷ ಪಿಪಿಎಫ್ ಕಂತು ಮತ್ತು ಆರ್‌ಡಿ ಎರಡನ್ನೂ ತೂಗಿಸಬೇಕು. ಆಮೇಲೆ ಪ್ರತಿ ಏಪ್ರಿಲ್‌ಗೂ ಹಿಂದಿನ ವರ್ಷದ ಉಳಿತಾಯ ಸಿದ್ಧವಾಗಿರುತ್ತದೆ.

ತಿಂಗಳ ಸಂಬಳದಲ್ಲೇ ಮನೆ ನಡೆಸುವವರು, ಬಾಡಿಗೆ, ಶಾಲೆ, ದಿನಸಿ ಕಳೆದು ಹತ್ತು ಹನ್ನೆರಡು ಸಾವಿರ ಉಳಿಸುವವರು ಇಡುಗಂಟಿನ ಲೆಕ್ಕ ಓದಿ ಮನಸ್ಸು ಕೆಡಿಸಿಕೊಳ್ಳಬೇಕಿಲ್ಲ. ಹಣ ಇನ್ನೂ ಕೈಗೆ ಬಂದೇ ಇಲ್ಲದಿದ್ದಾಗ ಅದಕ್ಕೆ ಸಿಗದ ಬಡ್ಡಿಯನ್ನು ನಷ್ಟ ಎನ್ನಲಾಗದು. ಐದರೊಳಗೆ ಕಂತು ಹೋಗುವಂತೆ ನೋಡಿಕೊಂಡರೆ ಅವರ ಮಟ್ಟಿಗೆ ಅದೇ ಅತ್ಯುತ್ತಮ.

ಯಾರೂ ಮಾಡಬಾರದ ಕೆಲಸವೆಂದರೆ ಏಪ್ರಿಲ್ 5ಕ್ಕಾಗಿ ಸಾಲ ಮಾಡುವುದು. ಚಿನ್ನ ಅಡವಿಟ್ಟು ಕಟ್ಟಿದವರನ್ನು ನಾನು ಕಂಡಿದ್ದೇನೆ. ಶೇ 10ರ ಬಡ್ಡಿಗೆ ಒಂದೂವರೆ ಲಕ್ಷ ತಂದು, ತಿಂಗಳಿಗೆ 12,500ರಂತೆ ಅಸಲು ತೀರಿಸಿದರೆ ಕಟ್ಟುವ ಬಡ್ಡಿ 8,125 ರೂಪಾಯಿ. ತಿಂಗಳ ಕಂತಿಗಿಂತ ಇಡುಗಂಟಿನಿಂದ ಹೆಚ್ಚು ಸಿಗುವುದು 4,881 ರೂಪಾಯಿ. ಲೆಕ್ಕ ಇಲ್ಲಿಗೇ ಮುಗಿಯಿತು. ಅದೇ ರೀತಿ ಆಸ್ಪತ್ರೆ ಖರ್ಚಿಗೆಂದು ಇಟ್ಟ ತುರ್ತು ಹಣವನ್ನೂ ಮುಟ್ಟಬೇಡಿ.

ಮನೆ ಸಾಲ ಇರುವವರು ಇನ್ನೊಂದು ಹೋಲಿಕೆ ಮಾಡಬೇಕು. ಸಾಲದ ಬಡ್ಡಿ ಶೇ 8ರ ಮೇಲಿದ್ದು, ಹೊಸ ತೆರಿಗೆ ಪದ್ಧತಿಯಲ್ಲಿದ್ದು, ಆ ಮನೆಯಲ್ಲಿ ಸ್ವತಃ ವಾಸವಿದ್ದರೆ ಬಡ್ಡಿಗೆ ವಿನಾಯಿತಿ ಸಿಗುವುದಿಲ್ಲ. ಅಂಥವರು ಕೈಗೆ ಬಂದ ಇಡುಗಂಟನ್ನು ಅಸಲಿಗೆ ಕಟ್ಟಿದರೆ ಉಳಿಯುವುದು ಶೇ 8, ಪಿಪಿಎಫ್‌ನಲ್ಲಿ ಬರುವುದು ಶೇ 7.1. ನಾನಾಗಿದ್ದರೆ ಪಿಪಿಎಫ್‌ಗೆ 500 ಕಟ್ಟಿ ಖಾತೆ ಜೀವಂತ ಇಟ್ಟು, ಉಳಿದದ್ದನ್ನು ಸಾಲಕ್ಕೆ ಕಟ್ಟುತ್ತಿದ್ದೆ.

ತೆರಿಗೆ ಪದ್ಧತಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ

ಹಳೆಯ ಪದ್ಧತಿಯಲ್ಲಿರುವವರಿಗೆ ಮಾರ್ಚ್ 31ರ ಮಹತ್ವ ಬಡ್ಡಿಗಿಂತ ಬಹಳ ದೊಡ್ಡದು. 80ಸಿ ಅಡಿಯಲ್ಲಿ ಒಂದೂವರೆ ಲಕ್ಷದ ವಿನಾಯಿತಿ ಪೂರ್ತಿ ಖಾಲಿಯಿದ್ದರೆ, ಶೇ 30ರ ಹಂತದಲ್ಲಿರುವವರಿಗೆ ಸೆಸ್ ಸೇರಿ ಉಳಿಯುವ ತೆರಿಗೆ 46,800 ರೂಪಾಯಿ. ಶೇ 20ರ ಹಂತದವರಿಗೆ 31,200. ಇದರ ಮುಂದೆ ಒಂದು ತಿಂಗಳ 887 ರೂಪಾಯಿ ಏನೂ ಅಲ್ಲ. ಕಚೇರಿಗೆ ದಾಖಲೆ ಕೊಡುವ ಗಡುವು ಮುಗಿಯಿತೆಂದು ಕೈಚೆಲ್ಲುವವರಿದ್ದಾರೆ. ಕಚೇರಿಯ ಗಡುವು ಸಂಬಳದಿಂದ ತೆರಿಗೆ ಕಡಿತಕ್ಕೆ ಮಾತ್ರ ಸಂಬಂಧಿಸಿದ್ದು. ಮಾರ್ಚ್ 31ರೊಳಗೆ ಕಟ್ಟಿದ ಹಣವನ್ನು ರಿಟರ್ನ್ ಸಲ್ಲಿಸುವಾಗ ತೋರಿಸಿ, ಹೆಚ್ಚು ಕಡಿತವಾದ ತೆರಿಗೆಯನ್ನು ಮರಳಿ ಪಡೆಯಬಹುದು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಸಿಯ ಜಾಗಕ್ಕೆ ಸೆಕ್ಷನ್ 123 ಬಂದಿದೆ, ‘ತೆರಿಗೆ ವರ್ಷ’ ಎಂಬ ಹೆಸರೂ ಬಂದಿದೆ. ವರ್ಷ ಶುರುವಾಗುವುದು ಮಾತ್ರ ಏಪ್ರಿಲ್ 1ಕ್ಕೇ.

ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ. ಆದರೆ ಪಿಪಿಎಫ್ ಬಡ್ಡಿಗೆ ತೆರಿಗೆಯಿಲ್ಲ ಎಂಬ ಮಾತು ಅಲ್ಲಿಯೂ ನಿಲ್ಲುತ್ತದೆ. ಶೇ 30ರ ಹಂತದಲ್ಲಿರುವವರಿಗೆ ಶೇ 7ರ ಎಫ್‌ಡಿಯಿಂದ ತೆರಿಗೆ ಕಳೆದು ಉಳಿಯುವುದು ಶೇ 4.8ರಷ್ಟು. ಅವರಿಗೆ ಪಿಪಿಎಫ್‌ನ ಶೇ 7.1 ಈಗಲೂ ಒಳ್ಳೆಯದು, ಮಾರ್ಚ್ ಮಿತಿ ಬಿಟ್ಟುಕೊಡಬಾರದು. ಆದರೆ 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿಯ ಮೂಲಕ ತೆರಿಗೆಯೇ ಇಲ್ಲದಂತಾಗಿದೆ. ಆ ಮಿತಿಯೊಳಗೆ ಇರುವವರಿಗೆ ಎಫ್‌ಡಿ ಬಡ್ಡಿಗೂ ತೆರಿಗೆ ಬೀಳುವುದಿಲ್ಲ. ಅವರಿಗೆ ಪಿಪಿಎಫ್‌ನ ತೆರಿಗೆ ಲಾಭ ಇಂದಿನ ಮಟ್ಟಿಗೆ ಹೆಸರಿಗೆ ಮಾತ್ರ. ಸರ್ಕಾರದ ಭದ್ರತೆಗಾಗಿ, ಮುಂದೆ ಆದಾಯ ಏರಬಹುದೆಂಬ ಲೆಕ್ಕದಲ್ಲಿ ಕಟ್ಟಬಹುದು. ತೆರಿಗೆ ಉಳಿಯುತ್ತದೆಂದು ಮಾರ್ಚ್ ಕೊನೆಗೆ ಧಾವಿಸುವ ಅಗತ್ಯ ಅವರಿಗಿಲ್ಲ.

ಪಿಪಿಎಫ್ ಬದಲು ಬೇರೆ ಖಾತೆಗಳು

ಹತ್ತು ವರ್ಷದೊಳಗಿನ ಹೆಣ್ಣುಮಗು ಮನೆಯಲ್ಲಿದ್ದರೆ ಮೊದಲ ಇಡುಗಂಟು ಸುಕನ್ಯಾ ಸಮೃದ್ಧಿ ಖಾತೆಗೆ ಹೋಗಲಿ ಎಂಬುದು ನನ್ನ ಖಚಿತ ಅಭಿಪ್ರಾಯ. 2024ರ ಜನವರಿಯಲ್ಲಿ ಅದರ ದರ ಶೇ 8.2ಕ್ಕೆ ಏರಿತು. ಐದನೇ ತಾರೀಖಿನ ನಿಯಮ ಅಲ್ಲಿಯೂ ಇದೆ. ಒಂದೂವರೆ ಲಕ್ಷವನ್ನು ಏಪ್ರಿಲ್ 5ರೊಳಗೆ ಕಟ್ಟಿದರೆ ವರ್ಷದ ಬಡ್ಡಿ 12,300, ಒಂದು ತಿಂಗಳು ತಪ್ಪಿದರೆ 1,025 ರೂಪಾಯಿ ಕಡಿಮೆ. ಅದರ ಮಿತಿ ನಿಮ್ಮ ಪಿಪಿಎಫ್ ಮಿತಿಯಿಂದ ಬೇರೆ. ಆದರೆ ಮಾರ್ಚ್‌ನಲ್ಲಿ ತೆರೆದರೆ ಒಂದು ವರ್ಷ ಮೊದಲು ಮುಗಿಯುತ್ತದೆ ಎಂಬ ಲಾಭ ಇಲ್ಲಿಲ್ಲ. ಇಲ್ಲಿ 21 ವರ್ಷದ ಎಣಿಕೆ ಖಾತೆ ತೆರೆದ ದಿನದಿಂದಲೇ. ಇನ್ನೊಂದು ಎಚ್ಚರ: ಮಗುವಿನ ಹೆಸರಿನಲ್ಲಿ ಪಿಪಿಎಫ್ ತೆರೆದರೆ ನಿಮ್ಮದೂ ಮಗುವಿನದೂ ಸೇರಿ ಒಂದೇ ಒಂದೂವರೆ ಲಕ್ಷ. ಗಂಡ ಹೆಂಡತಿಗೆ ಮಾತ್ರ ಬೇರೆ ಬೇರೆ ಮಿತಿ.

ಸ್ವಯಂಪ್ರೇರಿತ ಭವಿಷ್ಯ ನಿಧಿ, ವಿಪಿಎಫ್, ಅಂದರೆ ನೌಕರರು ಭವಿಷ್ಯ ನಿಧಿಯ ಕಡ್ಡಾಯ ಕಡಿತಕ್ಕಿಂತ ಹೆಚ್ಚಾಗಿ ತಾವಾಗಿ ಕಟ್ಟುವ ಹಣ, ಸಂಬಳದಿಂದಲೇ ಕಡಿತವಾಗುವುದರಿಂದ ತಾರೀಖು ಆರಿಸುವ ಪ್ರಶ್ನೆಯಿಲ್ಲ. 2024-25ಕ್ಕೆ ಅದರ ಬಡ್ಡಿ ಶೇ 8.25. ಉದ್ಯೋಗಿಯ ವಂತಿಗೆ ವರ್ಷಕ್ಕೆ ಎರಡೂವರೆ ಲಕ್ಷ ದಾಟಿದರೆ ದಾಟಿದ ಭಾಗದ ಬಡ್ಡಿಗೆ ತೆರಿಗೆ ಇದೆ. ಅನೇಕ ಸಂಸ್ಥೆಗಳಲ್ಲಿ ವಿಪಿಎಫ್ ಮೊತ್ತ ಬದಲಾಯಿಸಲು ವರ್ಷದ ಆರಂಭದಲ್ಲಿ ಮಾತ್ರ ಅವಕಾಶ, ಆದ್ದರಿಂದ ಮಾರ್ಚ್‌ನಲ್ಲೇ ಕಚೇರಿಯಲ್ಲಿ ವಿಚಾರಿಸಿ.

ಬ್ರಿಟನ್‌ನಲ್ಲಿರುವ ಕನ್ನಡಿಗರಿಗೂ ಏಪ್ರಿಲ್ 5 ಮುಖ್ಯ ದಿನವೇ, ಕಾರಣ ಮಾತ್ರ ಬೇರೆ. ಅಲ್ಲಿನ ತೆರಿಗೆ ವರ್ಷ ಮುಗಿಯುವುದೇ ಏಪ್ರಿಲ್ 5ಕ್ಕೆ. ತೆರಿಗೆಯಿಲ್ಲದ ಉಳಿತಾಯ ಖಾತೆಯಾದ ಐಸಾಗೆ ವರ್ಷಕ್ಕೆ 20,000 ಪೌಂಡ್ ಮಿತಿ, ಬಳಸದ್ದು ಅಂದೇ ಹೋಗುತ್ತದೆ. ಅಲ್ಲಿಯೂ ಮೇಲಿನ ತರ್ಕವೇ ನಡೆಯುತ್ತದೆ: ಹಳೆಯ ಮಿತಿ ಖಾಲಿಯಿದ್ದರೆ 5ರೊಳಗೆ, ಮುಗಿದಿದ್ದರೆ 6ರಂದು. ಅನಿವಾಸಿಗಳಾದ ಮೇಲೆ ಭಾರತದಲ್ಲಿ ಹೊಸ ಪಿಪಿಎಫ್ ತೆರೆಯುವಂತಿಲ್ಲ.

ಹಣ ನಿಜವಾಗಿ ಸೇರಿದ ದಿನ

ನನ್ನ ಚೆಕ್ಕಿನ ಕಥೆಗೆ ಮರಳುತ್ತೇನೆ. ಚೆಕ್ ಕೊಟ್ಟ ದಿನ ಲೆಕ್ಕಕ್ಕಿಲ್ಲ, ಅದರ ಹಣ ಬಂದು ಸೇರಿದ ದಿನವೇ ಲೆಕ್ಕ. ಏಪ್ರಿಲ್ 1 ಬ್ಯಾಂಕುಗಳಿಗೆ ವಾರ್ಷಿಕ ಲೆಕ್ಕ ಮುಕ್ತಾಯದ ರಜೆ. ಆಮೇಲೆ ಭಾನುವಾರ, ಗುಡ್ ಫ್ರೈಡೆ, ಕೆಲವು ವರ್ಷ ಯುಗಾದಿ, ಹೀಗೆ ಏಪ್ರಿಲ್‌ನ ಮೊದಲ ಐದು ದಿನಗಳಲ್ಲಿ ಕೆಲಸದ ದಿನಗಳು ಎರಡೋ ಮೂರೋ ಸಿಗುವುದುಂಟು. ಐದನೇ ತಾರೀಖು ರಜೆಯಾದರೆ ಅದರ ಹಿಂದಿನ ಕೆಲಸದ ದಿನವೇ ಕಡೆಯ ದಿನ ಎಂದುಕೊಳ್ಳಿ. ಅದೇ ಬ್ಯಾಂಕಿನ ಉಳಿತಾಯ ಖಾತೆಯಿಂದ ಆನ್‌ಲೈನ್‌ನಲ್ಲಿ ವರ್ಗಾಯಿಸುವುದು ಎಲ್ಲಕ್ಕಿಂತ ಸುರಕ್ಷಿತ, ಕೂಡಲೇ ಜಮೆಯಾದದ್ದು ಕಣ್ಣಿಗೆ ಕಾಣುತ್ತದೆ. ಅಂಚೆ ಕಚೇರಿಯಲ್ಲಿ ಖಾತೆಯಿರುವವರು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಆ್ಯಪ್ ಮೂಲಕ ಕಟ್ಟಬಹುದು. ಅಂಚೆ ಕಚೇರಿಯಿಂದ ಬ್ಯಾಂಕಿಗೆ ಖಾತೆ ವರ್ಗಾಯಿಸುವ ಕೆಲಸವನ್ನು ಮಾರ್ಚ್‌ನಲ್ಲಿ ಹಚ್ಚಿಕೊಳ್ಳಬೇಡಿ. ದಾಖಲೆಗಳು ದಾರಿಯಲ್ಲಿರುವಾಗ ಎರಡೂ ಕಡೆ ಹಣ ಕಟ್ಟಲಾಗದೆ ವರ್ಷ ಮುಗಿದುಬಿಡಬಹುದು.

ಮಾರ್ಚ್ 31ರ ರಾತ್ರಿ ಕೂಡ ಎಚ್ಚರ ಬೇಕು. ಹಳೆಯ ವರ್ಷದ ಒಂದೂವರೆ ಲಕ್ಷ ಮುಗಿದವರು ‘ನಾಳೆಗೇಕೆ, ಈಗಲೇ’ ಎಂದು ಹೊಸ ವರ್ಷದ ಹಣ ಕಳುಹಿಸಿದರೆ ಅದು ಮಿತಿ ಮೀರಿದ ಹಣವಾಗುತ್ತದೆ. ಅದಕ್ಕೆ ಬಡ್ಡಿ ಇಲ್ಲ, ಹಾಗೆಯೇ ಹಿಂದಿರುಗಿಸುತ್ತಾರೆ.

ಹಣ ತೆಗೆಯುವಾಗ ಐದನೇ ತಾರೀಖಿನ ನಿಯಮ ತಿರುಗಿ ನಿಲ್ಲುತ್ತದೆ. ತಿಂಗಳ 28ಕ್ಕೆ ತೆಗೆದರೆ ಆ ತಿಂಗಳ ಅತಿ ಕಡಿಮೆ ಮೊತ್ತ ಇಳಿಯುತ್ತದೆ, ತೆಗೆದ ಹಣಕ್ಕೆ ಆ ತಿಂಗಳ ಬಡ್ಡಿ ಪೂರ್ತಿ ಹೋಗುತ್ತದೆ. ಮೂರ್ನಾಲ್ಕು ದಿನ ತಾಳಿಕೊಂಡು ಮುಂದಿನ ತಿಂಗಳ 1ರಿಂದ 5ರೊಳಗೆ ತೆಗೆಯಿರಿ.

ಕೊನೆಯದಾಗಿ, ಹದಿನೈದು ವರ್ಷ ಮುಗಿಸಿದವರಿಗೆ. ಅಭ್ಯಾಸದಿಂದ ಏಪ್ರಿಲ್ ಮೊದಲ ವಾರ ಮತ್ತೆ ಒಂದೂವರೆ ಲಕ್ಷ ಕಟ್ಟಿಬಿಡಬೇಡಿ. ಹಣ ಕಟ್ಟುತ್ತಾ ಖಾತೆಯನ್ನು ಐದು ವರ್ಷ ಮುಂದುವರಿಸುವುದಾದರೆ ಅವಧಿ ಮುಗಿದ ಒಂದು ವರ್ಷದೊಳಗೆ ಅದಕ್ಕೆಂದೇ ಇರುವ ಅರ್ಜಿ ಕೊಡಬೇಕು. ಅರ್ಜಿ ಇಲ್ಲದೆ ಕಟ್ಟಿದ ಹಣಕ್ಕೆ ಬಡ್ಡಿಯೂ ಇಲ್ಲ, ತೆರಿಗೆ ವಿನಾಯಿತಿಯೂ ಇಲ್ಲ. ಹೊಸ ಹಣ ಕಟ್ಟದೆ ಸುಮ್ಮನೆ ಬಿಟ್ಟರೆ ಇರುವ ಮೊತ್ತಕ್ಕೆ ಬಡ್ಡಿ ಬರುತ್ತಲೇ ಇರುತ್ತದೆ, ಅದಕ್ಕೆ ಅರ್ಜಿ ಬೇಕಿಲ್ಲ. ಮುಂದುವರಿಸುವ ಮನಸ್ಸಿದ್ದರೆ ಮಾರ್ಚ್ ಮುಗಿಯುವ ಮುನ್ನವೇ ಅರ್ಜಿ ನಮೂನೆ ತಂದು ತುಂಬಿಟ್ಟುಕೊಳ್ಳಿ. ಬ್ಯಾಂಕ್ ತೆರೆದ ಮೊದಲ ದಿನ ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು, ಅದರ ನಂತರ ಹಣ ಕಟ್ಟಿ.